ಎರಡನೆಯ ಕೊಳಲಿನವರು ಬರೆದ ಸಂಗೀತ

ಅವರ ಕತ್ತು ಸದಾ ಬಲಕ್ಕೆ ಒಂದಿಷ್ಟು ವಾಲಿರುತ್ತದೆ. ಬಸ್ಸಿಗೆ ಕಾಯುವಾಗ, ತರಕಾರಿ ಕೊಳ್ಳುವಾಗ, ಕಡೆಗೆ ಫೋಟೋ ತೆಗೆಸಿಕೊಳ್ಳುವಾಗಲೂ ಅಷ್ಟೆ. ಎಡಗಡೆ ಯಾರೋ ಬಂದು ನಿಲ್ಲುವವರಿದ್ದಾರೆ, ಅವರಿಗೆ ಗೇಣುದ್ದ ಜಾಗ ಬಿಡಬೇಕು ಎಂಬ ಹಾಗೆ. ಹೊಸಬರು ಇದನ್ನು ವಿನಯವೆಂದು ತಿಳಿಯುತ್ತಾರೆ. ಕೆಲವರು ಕಿವಿ ಮಂದವಿರಬೇಕೆಂದುಕೊಂಡು ಕೂಗಿ ಮಾತಾಡುತ್ತಾರೆ. ಎರಡೂ ತಪ್ಪು. ನಗರದ ದೊಡ್ಡ ಪಾಶ್ಚಾತ್ಯ ವಾದ್ಯವೃಂದದಲ್ಲಿ ಅವರು ಇಪ್ಪತ್ತೆರಡು ವರ್ಷ ಎರಡನೆಯ ಕೊಳಲು ನುಡಿಸಿದವರು. ಅಲ್ಲಿ ಮೊದಲನೆಯ ಕೊಳಲಿನವರ ಬಲಮಗ್ಗುಲಿಗೆ ಎರಡನೆಯವರ ಕುರ್ಚಿ. ಕೊಳಲನ್ನು ಹಿಡಿಯುವುದೂ ಬಲಕ್ಕೆ ಅಡ್ಡಲಾಗಿ. ಹಾಗಾಗಿ ಮೊದಲನೆಯವರ ಕೊಳಲಿನ ತುದಿ ಎರಡನೆಯವರ ಎಡಗೆನ್ನೆಯ ಬಳಿಗೇ ಬಂದು ನಿಲ್ಲುತ್ತದೆ. ಅಷ್ಟು ವರ್ಷ ಆ ತುದಿಯಿಂದ ತಪ್ಪಿಸಿಕೊಂಡು ಕೂತ ಕತ್ತು ಇದು. ಒಮ್ಮೆ ವೈದ್ಯರು ಇದಕ್ಕೆ ಚಿಕಿತ್ಸೆ ಮಾಡಿಸಬಹುದಲ್ಲ ಎಂದಾಗ ಜೊತೆಗಿದ್ದ ತಂಗಿ ಕೈಮುಗಿದಳಂತೆ: "ಬೇಡ ಡಾಕ್ಟ್ರೇ, ನಮ್ಮಕ್ಕನ್ನ ನೆಟ್ಟಗೆ ಮಾಡಿದ್ರೆ ಬಿದ್ದೇಹೋಗ್ತಾಳೆ."

ವೃಂದದಲ್ಲಿ ಅವರನ್ನು ಎಲ್ಲರೂ 'ಸೆಕೆಂಡ್ ಅಕ್ಕ' ಎನ್ನುತ್ತಿದ್ದರು. ಕೆಲಸ ಬಿಟ್ಟು ಹದಿನಾರು ವರ್ಷವಾಗಿ, ಊದುವ ವಾದ್ಯಗಳಿಗೆ ಹೊಸ ಸಂಗೀತ ಬರೆಯುವವರಲ್ಲಿ ಅವರ ಹೆಸರು ನಿಂತ ಮೇಲೂ ಆ ಅಡ್ಡಹೆಸರು ಹೋಗಿಲ್ಲ, ಹೋಗಲೆಂದು ಅವರು ಬಯಸಿಯೂ ಇಲ್ಲ. ಸಂಯೋಜನೆಯನ್ನು ಅವರು ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಕಾಯುತ್ತ ಕಲಿತರು. ಎರಡನೆಯ ಕೊಳಲಿನ ಹಾಳೆಯಲ್ಲಿ ಸ್ವರಕ್ಕಿಂತ ಮೌನವೇ ಹೆಚ್ಚು. ಮೂವತ್ತು ಆವರ್ತ ಸುಮ್ಮನಿರು, ನಾಲ್ಕು ಸ್ವರ ಊದು, ಮತ್ತೆ ಐವತ್ತು ಆವರ್ತ ಸುಮ್ಮನಿರು. ಆ ಮೌನದಲ್ಲಿ ಬೇರೆಯವರು ನಿದ್ದೆ ಮಾಡಿದರು, ಮಡಿಲಲ್ಲಿ ಪತ್ರಿಕೆ ಬಿಚ್ಚಿಟ್ಟುಕೊಂಡರು. ಇವರು ಮಾತ್ರ ಕೇಳುತ್ತ ಕೂತರು: ಓಬೋ ಊದುವವನ ಉಸಿರು ಎಲ್ಲಿ ಮುಗಿಯುತ್ತದೆ, ಕ್ಲಾರಿನೆಟ್ಟಿನವಳು ಯಾವ ಸ್ವರಕ್ಕೆ ಮುಂಚೆ ಹೆದರುತ್ತಾಳೆ, ಯಾರ ಮನೆಯಲ್ಲಿ ಬೆಳಿಗ್ಗೆ ಜಗಳವಾಗಿದೆ. ಪದವಿ ಇಲ್ಲವೆಂದು ಮೂಗು ಮುರಿದ ಪಂಡಿತರಿಗೆ ನಾನು ಕೇಳುವುದು ಒಂದೇ: ಇಪ್ಪತ್ತೆರಡು ವರ್ಷ ಇನ್ನೊಬ್ಬರ ಉಸಿರನ್ನು ಆಲಿಸುವ ಪಾಠ ನಿಮ್ಮ ಯಾವ ತರಗತಿಯಲ್ಲಿದೆ ಸ್ವಾಮಿ?

ಅವರದೊಂದು ಬೂದುಬಣ್ಣದ ಕೋಟಿದೆ, ಅದರ ಜೇಬಿನ ತುಂಬ ಮೋಟು ಪೆನ್ಸಿಲ್ಲುಗಳು. ಯಾರಿಗಾದರೂ ಬರೆಯಬೇಕಾದರೆ ಮೊದಲು ಆ ಕೋಟು ತೊಟ್ಟು ಅವರ ಮನೆಗೇ ಹೋಗುತ್ತಾರೆ. ಒಂದೇ ಉಸಿರಿಗೆ ಎಷ್ಟು ಹೊತ್ತು ಊದಬಲ್ಲಿರಿ ಎಂದು ಊದಿಸಿ ನೋಡುತ್ತಾರೆ, ಆಮೇಲೆ, "ಇಷ್ಟು ವರ್ಷ ಯಾರೂ ಬರೆದುಕೊಡದೆ ಇರೋದು, ನಿಮಗೆ ನುಡಿಸ್ಬೇಕು ಅಂತ ಆಸೆ ಇರೋದು ಏನು?" ಎಂದು ಕೇಳುತ್ತಾರೆ. ಬಸೂನ್ ನುಡಿಸುವ ದಢೂತಿ ಮನುಷ್ಯನೊಬ್ಬ ಈ ಪ್ರಶ್ನೆ ಕೇಳಿ ತನ್ನ ವಾದ್ಯವನ್ನು ಬಿಚ್ಚಿ ಒರೆಸತೊಡಗಿದನಂತೆ. ಆಳೆತ್ತರದ, ಗೊಗ್ಗರು ದನಿಯ ಆ ವಾದ್ಯಕ್ಕೆ ಎಲ್ಲರೂ ಬರೆಯುವುದು ತಮಾಷೆಯ ತುಣುಕುಗಳನ್ನೇ. "ಜನ ನನ್ನ ನೋಡಿದ್ರೇ ನಗ್ತಾರಕ್ಕ," ಎಂದನಂತೆ ಕೊನೆಗೆ, "ಒಂದ್ಸಲ ಅಳಿಸ್ಬೇಕು." ಹನ್ನೆರಡು ನಿಮಿಷದ ಆ ಕೃತಿಯಲ್ಲಿ ಒಂದೂ ತಮಾಷೆಯಿಲ್ಲ. ನುಡಿಸಿದ ದಿನ ಅವನ ಹೆಂಡತಿ ಸಭಾಂಗಣದ ಹೊರಗಿನ ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದದ್ದನ್ನು ನಾನೇ ಕಂಡೆ.

ಇನ್ನೊಂದು ಹಟವಿದೆ. ಸ್ವರಲಿಪಿಯ ಎಡ ಅಂಚಿನಲ್ಲಿ ಕೊಳಲು, ಓಬೋ ಎಂದು ವಾದ್ಯದ ಹೆಸರು ಬರೆಯುವುದು ರೂಢಿ. ಅವರು ನುಡಿಸುವವರ ಹೆಸರು ಬರೆಯುತ್ತಾರೆ. ಪ್ರಕಾಶಕರು ಎರಡು ಸಲ ತಿದ್ದಲು ಹೇಳಿದರು, ಎರಡು ಸಲವೂ ಅಕ್ಕ ಹಾಗೆಯೇ ಮರಳಿಸಿದರು. "ಮರದ ತುಂಡಿಗೆ ನಾನು ಬರೆಯಲ್ಲ" ಎಂಬುದು ಜೊತೆಗಿದ್ದ ಚೀಟಿಯ ಒಕ್ಕಣೆ.

ಅಕ್ಕನ ಅರುವತ್ತನೆಯ ವಯಸ್ಸಿನಲ್ಲಿ, ಅವರು ಬಿಟ್ಟುಬಂದ ಅದೇ ವೃಂದ ಅವರಿಂದ ಒಂದು ಕೃತಿ ಕೇಳಿತು. ಊದುವ ವಾದ್ಯಗಳೇ ಮುಂದೆ, ತಂತಿವಾದ್ಯದವರೆಲ್ಲ ಹಿಂದೆ. ದೊಡ್ಡ ಸಭಾಂಗಣದಲ್ಲಿ ಅವರದೊಂದು ಕೃತಿ ಕೇಳಿಸುವುದು ಅದೇ ಮೊದಲು. ಅವರು ಅದರ ನಡುಮಧ್ಯದ ದೀರ್ಘ ಏಕಾಂಗಿ ಭಾಗವನ್ನು ತಮ್ಮ ಹಳೆಯ ಕುರ್ಚಿಯಲ್ಲಿ ಈಗ ಕೂರುವ ಹೆಣ್ಣಿಗೆ ಬರೆದರು. ನಲವತ್ತು ದಾಟಿದರೂ ಎಲ್ಲರ ಬಾಯಲ್ಲಿ 'ಪುಟ್ಟಿ' ಆಗಿಯೇ ಉಳಿದವಳು; ಹದಿನೈದು ವರ್ಷದಲ್ಲಿ ಒಂದು ಸಾಲನ್ನೂ ಒಂಟಿಯಾಗಿ ನುಡಿಸದವಳು. ಅವಳು ನುಡಿಸುವಷ್ಟು ಹೊತ್ತು, ಹೆಸರುವಾಸಿಯಾದ ಮೊದಲನೆಯ ಕೊಳಲಿನವರಿಗೆ ಎಪ್ಪತ್ತೊಂದು ಆವರ್ತಗಳ ಮೌನ.

ತಾಲೀಮಿನ ದಿನ ನಾನು ಖಾಲಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಪುಟ್ಟಿಯ ಸ್ವರ ನೂಲಿನಷ್ಟು ತೆಳ್ಳಗಾಗಿ, ಇನ್ನೇನು ಕಡಿಯಿತು ಎನ್ನುವಲ್ಲಿ ಮೊದಲನೆಯವರು ಏಳು ಆವರ್ತ ಮುಂಚೆಯೇ, ಕಿವಿ ಗಡಚಿಕ್ಕುವಂತೆ ನುಗ್ಗಿಬಿಟ್ಟರು. ಹಿತ್ತಾಳೆ ವಾದ್ಯಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ತುದಿಯಿಂದ ತುದಿಗೆ ಹರಿಯಿತು. ಮೂವತ್ತು ವರ್ಷ ಎಲ್ಲರಿಗಿಂತ ಮುಂದೆ ನುಡಿಸಿದ ಆ ದೊಡ್ಡ ಮನುಷ್ಯರಿಗೆ ಸುಮ್ಮನೆ ಕೂತು ಎಣಿಸುವ ಪ್ರಸಂಗವೇ ಬಂದಿರಲಿಲ್ಲ.

"ಇದು ಬರೆಯೋ ಕ್ರಮಾನಾ?" ಮುಖ ಕೆಂಪಗೆ ಮಾಡಿಕೊಂಡು ಎದ್ದರು. "ನನ್ನನ್ನ ಗೊಂಬೆ ಥರ ಕೂರಿಸೋಕೆ ಕರೆದಿದ್ದೀರಾ?" ಎಂದವರೇ ಹೊರಗೆ ಹೋದರು.

ಚಹಾದ ವಿರಾಮ ಕೊಟ್ಟು ವೃಂದದ ನಿರ್ದೇಶಕ ಅಕ್ಕನ ಬಳಿ ಬಂದ. ಕೆಟ್ಟವನಲ್ಲ; ಎಲ್ಲರನ್ನೂ ಸಂಭಾಳಿಸಿ ಬೆನ್ನು ಬಾಗಿದವನು. "ಅಕ್ಕ, ಇಬ್ಬರ ಹಾಳೆ ಅದಲುಬದಲು ಮಾಡಿಬಿಡೋಣ. ಸ್ವರ ಎಲ್ಲಾ ನಿಮ್ಮದೇ ಇರುತ್ತಲ್ಲ?"

"ಮಾಡದಿದ್ರೆ?"

"ಅವರು ನುಡಿಸಲ್ವಂತೆ. ಆಗ ನಿಮ್ಮ ಕೃತಿ ತೆಗೆದು ಹಳೇದು ಯಾವುದಾದ್ರೂ ಹಾಕ್ಬೇಕಾಗುತ್ತೆ. ನನ್ನ ಕಷ್ಟನೂ ನೋಡಿ."

ಅಕ್ಕ ಕೋಟಿನ ಗುಂಡಿ ಹಾಕಿಕೊಂಡು ವೇದಿಕೆ ಹತ್ತಿ, ಒಂದೊಂದೇ ಸ್ಟ್ಯಾಂಡಿನಿಂದ ತಮ್ಮ ಹಾಳೆಗಳನ್ನು ಎತ್ತಿಕೊಳ್ಳತೊಡಗಿದರು. ಹದಿನಾಲ್ಕು ತಿಂಗಳು ಬರೆದದ್ದನ್ನು ಹಾಗೆ ಹಿಂದಕ್ಕೆ ತೆಗೆದುಕೊಳ್ಳುವಾಗಲೂ ಮೂಲೆ ಮಡಚದಂತೆ ಜೋಡಿಸುತ್ತಿದ್ದರು. ಪುಟ್ಟಿಯ ಸ್ಟ್ಯಾಂಡಿಗೆ ಬಂದಾಗ ಅವಳು ಅಂಗೈಯನ್ನು ಹಾಳೆಯ ಮೇಲೆ ಒತ್ತಿದಳು.

"ಕೊಡಲ್ಲ ಅಕ್ಕ."

"ಬಿಡಮ್ಮ. ನಾನು ಎದ್ದು ಮನೆಗೆ ಹೋಗ್ತೀನಿ, ನೀನು ದಿನಾ ಅವರ ಪಕ್ಕದಲ್ಲೇ ಕೂರ್ಬೇಕು."

"ಕೂತಿದೀನಲ್ಲ, ಹದಿನೈದು ವರ್ಷ. ಅವರ ಎಂಜಲು ಹಾರಿದ್ದೂ ಒರೆಸ್ಕೊಂಡಿದೀನಿ. ನೀವು ಇದನ್ನ ನನಗೆ ಬರೆದಿದೀರಿ. ಇಲ್ಲಿ ನನ್ನ ಹೆಸರಿದೆ. ನಿಮ್ಮದು ನೀವು ತಗೊಂಡು ಹೋಗಿ, ಇದು ನಂದು."

ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ಆ ವೃಂದ ಎಂದೂ ಕೇಳಿರಲಿಲ್ಲ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಕೊಳಲೆತ್ತಿ ಮೊದಲಿನಿಂದ ಶುರುಮಾಡಿದಳು. ಜೊತೆಗೆ ಯಾವ ವಾದ್ಯವೂ ಇಲ್ಲ. ಲೋಟಗಳ ಸದ್ದು ನಿಂತಿತು. ಮೊದಮೊದಲು ಸ್ವರ ಅಲ್ಲಲ್ಲಿ ಒಡೆಯುತ್ತಿತ್ತು. ಎರಡನೆಯ ಏರಿಗೆ ಬರುವಷ್ಟರಲ್ಲಿ ಆ ಒಡಕು ಹೋಗಿ, ಆ ಪುಟ್ಟ ಹೆಂಗಸಿನೊಳಗೆ ಇಷ್ಟು ಗಾಳಿ ಎಲ್ಲಿತ್ತು ಎನ್ನುವಂತೆ ದನಿ ತುಂಬಿಕೊಂಡಿತು. ಅಕ್ಕ ಹಾಳೆಗಳ ಕಟ್ಟನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಬಾಗಿಲಲ್ಲಿ ಮೊದಲನೆಯವರು, ಕೈಯಲ್ಲಿ ಆರಿದ ಚಹಾ.

ಮುಗಿದ ಮೇಲೆ ಅವರು ಒಳಗೆ ಬಂದರು. ಕ್ಷಮೆ ಕೇಳಲಿಲ್ಲ, ಅದು ಅವರ ಜಾಯಮಾನವಲ್ಲ. ತಮ್ಮ ಕುರ್ಚಿಯಲ್ಲಿ ಕೂತು, ಯಾರ ಮುಖವನ್ನೂ ನೋಡದೆ ಕೇಳಿದರು: "ಎಪ್ಪತ್ತೊಂದನ್ನ ನೀವೆಲ್ಲ ಅದು ಹೇಗೆ ಎಣಿಸ್ತಿದ್ರಿ?"

"ಎಣಿಸೋದು ಮೊದಲನೇ ವರ್ಷ ಮಾತ್ರ," ಎಂದರು ಅಕ್ಕ, ಅವರ ಹಾಳೆಯನ್ನು ಮತ್ತೆ ಸ್ಟ್ಯಾಂಡಿಗಿಡುತ್ತ. "ಆಮೇಲೆ ಪಕ್ಕದವರನ್ನ ಕೇಳೋದು. ಇವಳು ಮೂರನೇ ಸಲ ಮೇಲಕ್ಕೆ ಹೋಗಿ, ಇಳಿದು, ಒಂದು ದೊಡ್ಡ ಉಸಿರು ತಗೋತಾಳೆ. ಅದೇ ನಿಮ್ಮ ಬಾಗಿಲು. ಅದು ತಪ್ಪೋದಿಲ್ಲ."

"ನೋಡೋಣ" ಎಂದು ಗೊಣಗಿ ಕೊಳಲು ತುಟಿಗಿಟ್ಟರು. ಎರಡನೆಯ ಸಲವೂ ತಪ್ಪಿದರು, ಈ ಬಾರಿ ಎರಡು ಆವರ್ತ ತಡವಾಗಿ. ಆದರೆ ಯಾರೂ ನಗಲಿಲ್ಲ. ಮೂರನೆಯ ಸಲ ಸರಿಯಾಗಿ ಬಂದರು.

ಸಭಾಂಗಣ ತುಂಬಿದ ಆ ಸಂಜೆ ಪುಟ್ಟಿ ಹೇಗೆ ನುಡಿಸಿದಳೆಂದು ಬಣ್ಣಿಸಲು ನನಗೆ ಬರುವುದಿಲ್ಲ. ಮಾರನೆಯ ಬೆಳಿಗ್ಗೆ ಒಂದು ಪತ್ರಿಕೆ ಮಾತ್ರ ಧಾರಾಳವಾಗಿ ಬಣ್ಣಿಸಿತ್ತು: ಮೊದಲನೆಯ ಕೊಳಲಿನವರ ಏಕಾಂಗಿ ವಾದನ ಅಮೋಘವೆಂದು! ಇಬ್ಬರಲ್ಲಿ ಯಾರು ಊದುತ್ತಿದ್ದಾರೆಂದು ನೋಡುವ ತಾಪತ್ರಯವನ್ನೂ ಆ ಮಹಾಶಯ ತೆಗೆದುಕೊಂಡಿರಲಿಲ್ಲ. ನಾನು ಬರೆದು ಕಳಿಸಿದ ತಿದ್ದುಪಡಿಯನ್ನು ಆ ಪತ್ರಿಕೆ ಆಮೇಲೂ ಹಾಕಲಿಲ್ಲ. ವರದಿ ಓದಿದ ದಿನವೇ ಕುದಿಯುತ್ತ ಅಕ್ಕನ ಮನೆಗೆ ಹೋದರೆ, ಅವರು ತಂಗಿಯೊಡನೆ ಕೂತು ಅದೇ ವರದಿಯನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಪಾಪ, ಮೊದಲನೇ ಕೊಳಲಿನವರು ಬೆಳಿಗ್ಗೆಯಿಂದ ಪುಟ್ಟಿಗೆ ನಾಲ್ಕು ಸಲ ಫೋನ್ ಮಾಡಿದಾರಂತೆ," ಎಂದರು, "ತಾನು ಹೇಳಿ ಬರೆಸಿದ್ದಲ್ಲ ಅಂತ."

ಕೆಳಗಿನ ಜಾಗದಲ್ಲಿ ಬಹಳ ವರ್ಷ ಕೂತವರಲ್ಲಿ ಹೆಚ್ಚಿನವರು ಮೇಲೇರಿದ ದಿನವೇ ಏಣಿ ಎಳೆದುಕೊಳ್ಳುವುದನ್ನು ಕಚೇರಿ, ಶಾಲೆ, ಮನೆ, ಎಲ್ಲೆಲ್ಲೂ ಕಂಡಿದ್ದೇನೆ. ತಾವು ಉಂಡ ಅವಮಾನವನ್ನೇ ಮುಂದಿನವರ ತಟ್ಟೆಗೆ ಬಡಿಸಿ ಅದಕ್ಕೆ ಶಿಸ್ತು ಎಂದು ಹೆಸರಿಡುತ್ತಾರೆ. ಅಲ್ಲೊಬ್ಬರು ಇಲ್ಲೊಬ್ಬರು ಬೇರೆ ಥರದವರು ಹುಟ್ಟುತ್ತಾರೆ. ಬರೆಯುವ ಅಧಿಕಾರ ಕೈಗೆ ಬಂದಾಗ ಅವರಿಗೆ ಮೊದಲು ನೆನಪಾಗುವುದು, ತಾವು ಎದ್ದು ಬಂದ ಜಾಗದಲ್ಲಿ ಈಗ ಯಾರು ಕೂತಿದ್ದಾರೆ ಎಂಬುದು. ಇಂಥವರನ್ನು ಉದಾರಿಗಳು ಎಂದರೆ ಕಡಿಮೆ ಹೇಳಿದ ಹಾಗೆ. ಉದಾರಿಗಳು ತಮ್ಮಲ್ಲಿರುವುದನ್ನು ಕೊಡುತ್ತಾರೆ. ಇವರು ತಮಗೆ ಎಂದೂ ಸಿಗದೆ ಹೋದದ್ದನ್ನು ಕೊಡುತ್ತಾರೆ.