ಲ್ಯಾನ್ಸ್‌ಲಾಟನ ಇನ್ನೂರ ಹದಿನಾಲ್ಕು ಆಟಗಳು

ಲ್ಯಾನ್ಸ್‌ಲಾಟ್ ಮೆಲ್ಬರ್ನ್‌ನಲ್ಲಿ ಒಂದು ಶನಿವಾರ ಮಧ್ಯಾಹ್ನ ಒದ್ದ ಚೆಂಡು ಕೆಳಗೆ ಬಿದ್ದದ್ದು ಸೋಮವಾರ ಬೆಳಿಗ್ಗೆ. ನಡುವಿನ ಭಾನುವಾರ ಇಡೀ ಊರು ಇಗರ್ಜಿಯ ಒಳಗೆ ಹೋಗದೆ ಅಂಗಳದಲ್ಲೇ ಕತ್ತೆತ್ತಿ ನಿಂತಿತ್ತು. ಕೊನೆಗೆ ಚೆಂಡು ಇಳಿದಾಗ ಅದರ ಮೇಲೊಂದು ಕಡಲಹಕ್ಕಿ ಆರಾಮಾಗಿ ಕೂತಿತ್ತು.

“ಹಕ್ಕಿ ತತ್ತಿ ಇಟ್ಟಿರಲಿಲ್ಲೇನ್ರೀ ಸರ?” ಎಂದ ಪಂಚಪ್ಪ.

“ಇಟ್ಟಿತ್ತು ಮಾರಾಯ. ನೀನು ನಂಬುವುದಿಲ್ಲ ಅಂತ ಹೇಳಲಿಲ್ಲ.”

ಎಂಟು ಜನ ನಕ್ಕರು. ನಗದವನು ಕಲ್ಮೇಶ ಒಬ್ಬನೇ. ದೋಹಾದಿಂದ ಅಲ್ ಶಮಾಲ್‌ಗೆ ಹೋಗುವ ರಸ್ತೆಯ ಪಕ್ಕದ ಉಪ್ಪುಬಯಲಿನಲ್ಲಿ ಕಾಲು ಚಾಚಿ ಕೂತು, ಅವನು ತನ್ನ ಮೀನಖಂಡಕ್ಕೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ತೊಂಬತ್ತಾರರ ಜನವರಿ, ಶುಕ್ರವಾರದ ರಜೆ. ಕಂಪನಿಯ ಆಸ್ಟ್ರೇಲಿಯನ್ ಎಂಜಿನಿಯರುಗಳ ಮೇಲೆ ಮೊಟ್ಟೆಯಾಕಾರದ ಚೆಂಡನ್ನು ಹಿಡಿದೋಡಿ ಕಂಬಗಳ ನಡುವೆ ಒದೆಯುವ ಅವರ ಊರಿನದೇ ಆಟ. ಆಟದ ಮೂರು ಪಾಳಿ ಮುಗಿದಿತ್ತು, ಉಳಿದದ್ದು ಒಂದು. ಕೋಚ್ ಲ್ಯಾನ್ಸ್‌ಲಾಟನ ತಂಡ ನಾಲ್ಕೇ ಅಂಕ ಹಿಂದಿತ್ತು, ಗೆಲ್ಲಲು ಒಂದು ಗೋಲು ಸಾಕಿತ್ತು.

ಆ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಲ್ಯಾನ್ಸ್‌ಲಾಟನಿಗೆ ಈ ಮರಳುಗಾಡು ಮಾಯ, ಕಣ್ಣೆದುರು ಮೆಲ್ಬರ್ನ್. ಹದಿನಾರನೆಯ ವಯಸ್ಸಿಗೆ ಅಪ್ಪ ಅಮ್ಮನ ಜತೆ ಮಂಗಳೂರು ಬಿಟ್ಟು ಸೇರಿದ ಊರದು. ಡ್ರೆಸ್ಸಿಂಗ್ ರೂಮಿನ ಒದ್ದೆ ಹಲಗೆ, ಬೂಟಿಗೆ ಮೆತ್ತಿದ ಕೆಸರು, ತಲೆಯ ಮೇಲಿನ ಗ್ಯಾಲರಿಯಲ್ಲಿ ಸಾವಿರ ಜನರ ಕಾಲ ಸದ್ದು. ಅವನ ಲೆಕ್ಕದಲ್ಲಿ ಲಕ್ಷ ಜನ. ದುಡ್ಡು ಕೊಟ್ಟು ಆಡಿಸುವ ದೊಡ್ಡ ಕ್ಲಬ್ಬಿಗೆ ಇನ್ನೂರ ಹದಿನಾಲ್ಕು ಆಟ ಆಡಿದವನು ತಾನು ಎಂದು ಅವನು ಊರಲ್ಲಿ ಕಬಡ್ಡಿ ಆಡಿ ಬೆಳೆದ ಈ ಹುಡುಗರಿಗೆ ಮೊದಲ ದಿನವೇ ಹೇಳಿದ್ದ. ಹಕ್ಕಿಯನ್ನು ಅವರು ನಂಬಿರಲಿಲ್ಲ, ಇನ್ನೂರ ಹದಿನಾಲ್ಕನ್ನು ನಂಬಿದ್ದರು. ವಾರವಿಡೀ ಬಿಸಿಲಲ್ಲಿ ವೆಲ್ಡಿಂಗ್ ಮಾಡಿದವರು ಇದ್ದೊಂದು ರಜೆಯನ್ನು ಅವನ ಕೈಗೆ ಕೊಟ್ಟಿದ್ದು ಆ ಒಂದು ಸಂಖ್ಯೆಯ ಮೇಲೆ.

ಕಲಿಸುವುದೇನು ಸುಲಭವಿತ್ತೆ? ಮೊದಲ ಶುಕ್ರವಾರ ಯಾರಾದರೂ ಹಿಡಿದರೆ ಸಾಕು, ಅವರು ಚೆಂಡು ಬಿಟ್ಟು ಗೆರೆಯಾಚೆ ಹೋಗಿ ಸಾಲಾಗಿ ಕೂರುತ್ತಿದ್ದರು. ಕೇಳಿದರೆ, “ಔಟ್ ಆದ್ವಲ್ಲರೀ” ಅನ್ನುವರು. ಹತ್ತು ನಿಮಿಷಕ್ಕೆ ಬಯಲಿನಲ್ಲಿ ಲ್ಯಾನ್ಸ್‌ಲಾಟ್ ಒಬ್ಬನೇ ಉಳಿದಿದ್ದ. ಈಗ ನೋಡಿದರೆ ಅದೇ ಹುಡುಗರು ಒಂಟೆಯನ್ನೂ ಉರುಳಿಸಬಲ್ಲರು.

ಎದುರು ತಂಡದ ನಾಯಕ ಜೇಕಬ್ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಹಿಡಿದು ಬಂದ. ದೊಡ್ಡ ಕ್ಲಬ್ಬುಗಳಿಗೆ ಆ ಆಟ ಆಡಿದ ಪ್ರತಿಯೊಬ್ಬನ ಹೆಸರೂ ಇರುವ ಪುಸ್ತಕವಂತೆ, ರಜೆಗೆ ಹೋದಾಗ ತಂದದ್ದು. “ನಿಮ್ಮ ಹೆಸರು ಸಿಕ್ಕಿತು,” ಎಂದು ಇಂಗ್ಲಿಷಿನಲ್ಲಿ ಹೇಳಿ ಪುಟ ತೆರೆದು ಕೊಟ್ಟು, ಬೆನ್ನು ತಟ್ಟಿ ಹೋದ. ಅವನ ಮುಖದಲ್ಲಿ ಕುಹಕವಿರಲಿಲ್ಲ. ಲ್ಯಾನ್ಸ್‌ಲಾಟ್ ಕೈ ಚಾಚುವಷ್ಟರಲ್ಲಿ ಪುಸ್ತಕ ಕಲ್ಮೇಶನ ತೊಡೆಯ ಮೇಲಿತ್ತು.

ಕಲ್ಮೇಶ ಬೆರಳಿಟ್ಟು ಓದಿದ. “ಆಟ ಒಂದು. ಗೋಲು ಸೊನ್ನಿ.”

“ಪ್ರಿಂಟಿನವರ ತಪ್ಪು. ಮೊದಲಿನ ಎರಡು ಅಂಕಿ ಬಿಟ್ಟುಹೋಗಿದೆ.”

“ಒಂದರ ಮುಂದ ಎರಡು ಅಂಕಿ ಹಾಕಿದ್ರೂ ಇನ್ನೂರಾ ಹದಿನಾಕು ಆಗೂದಿಲ್ಲ ಸರ.”

“ಕ್ಯಾಂಪಿನಾಗೆಲ್ಲಾ ಹೇಳೇವ್ರೀ ನಾವು,” ಎಂದ ಪಂಚಪ್ಪ. “ಊರಿಗೂ ಕಾಗದ ಬರದೀನಿ.”

ಲ್ಯಾನ್ಸ್‌ಲಾಟ್ ಟೋಪಿ ತೆಗೆದ.

“ಒಂದೇ ಆಟ,” ಎಂದ. “ಅದೂ ಪೂರ್ತಿ ಅಲ್ಲ. ಯಾರದೋ ಮೊಣಕಾಲು ಹೋಯಿತು, ಕೊನೆಯ ಹನ್ನೊಂದು ನಿಮಿಷಕ್ಕೆ ನನ್ನನ್ನು ಇಳಿಸಿದರು. ಚೆಂಡು ನನ್ನ ಕೈಗೆ ಒಂದು ಸಲ ಬಂತು. ಕಂಬ ಎದುರಿಗೇ ಉಂಟು. ಒದ್ದುಬಿಟ್ಟೆ. ಪಕ್ಕಕ್ಕೆ ಹೋಯಿತು. ಆ ಮೇಲೆ ಯಾರೂ ಕರೆಯಲಿಲ್ಲ. ಸಣ್ಣ ಸಣ್ಣ ಊರುಗಳಲ್ಲಿ ಇಪ್ಪತ್ತು ವರ್ಷ ಕೋಚ್ ಆಗಿದ್ದೆ, ಅದು ಸುಳ್ಳಲ್ಲ. ಅಲ್ಲಿಯೂ ಈ ಇನ್ನೂರ ಹದಿನಾಲ್ಕನ್ನೇ ಹೇಳಿದ್ದೆ.”

ಅಂಪೈರ್ ಸೀಟಿ ಊದಿದ. ಎದುರಿನವರು ಆಗಲೇ ಬಯಲಿಗಿಳಿದಿದ್ದರು. ಇವರಲ್ಲಿ ಒಬ್ಬನೂ ಏಳಲಿಲ್ಲ. ಖಲಾಸ್, ಮುಂದಿನ ಶುಕ್ರವಾರ ಇಲ್ಲಿಗೆ ಬರುವವನು ತಾನೊಬ್ಬನೇ ಎಂದು ಲ್ಯಾನ್ಸ್‌ಲಾಟನಿಗೆ ಖಾತ್ರಿಯಾಯಿತು.

ಕಲ್ಮೇಶ ಪುಸ್ತಕ ಮುಚ್ಚಿ ಎದ್ದ. ಪ್ಯಾಂಟಿನ ಉಪ್ಪು ಕೊಡವಿಕೊಂಡ.

“ಎಲ್ಲಿ ನಿಂತು ಒದ್ದಿದ್ರಿ ಸರ?”

ಲ್ಯಾನ್ಸ್‌ಲಾಟ್ ಗೆರೆ ದಾಟಿ ನಡೆದ. ನೆಟ್ಟಿದ್ದ ಕೊಳವೆ ಕಂಬಗಳ ಎದುರು ನಿಂತು ಹೆಜ್ಜೆ ಎಣಿಸುತ್ತ ಹಿಂದೆ ಬಂದ. ನಲವತ್ತು ಹೆಜ್ಜೆಯಾದ ಮೇಲೆ ಸ್ವಲ್ಪ ಎಡಕ್ಕೆ ಸರಿದ, ಇನ್ನೂ ಅರ್ಧ ಹೆಜ್ಜೆ ಸರಿದ.

“ಇಲ್ಲಿ.”

ಕಲ್ಮೇಶ ಬಂದು ಪಕ್ಕದಲ್ಲಿ ನಿಂತು ಕಂಬಗಳನ್ನು ನೋಡಿದ. ಉಳಿದವರೂ ಒಬ್ಬೊಬ್ಬರಾಗಿ ಏಳುತ್ತಿದ್ದರು.

“ಅವತ್ತು ಗಾಳಿ ಇತ್ತೇನ್ರಿ?”

ಲ್ಯಾನ್ಸ್‌ಲಾಟನ ನಾಲಿಗೆಯ ತುದಿಗೆ ಊರಿನ ಹೆಂಚೆಲ್ಲ ಹಾರಿಸುವಂಥ ಬಿರುಗಾಳಿಯೊಂದು ಬಂದು ನಿಂತಿತ್ತು. ಅವನು ಅದನ್ನು ನುಂಗಿಕೊಂಡ.

“ಇರಲಿಲ್ಲ,” ಎಂದ. “ಹೆದರಿದ್ದೆ, ಅಷ್ಟೆ.”

ಕಲ್ಮೇಶ ತಲೆಯಾಡಿಸಿದ. ಲ್ಯಾನ್ಸ್‌ಲಾಟ್ ಆ ಜಾಗ ಬಿಟ್ಟು ಸರಿದ ಮೇಲೆ, ಅವನ ಬೂಟಿನ ಗುರುತು ಮೂಡಿದ್ದ ಕಡೆಯೇ ತನ್ನ ಹಿಮ್ಮಡಿಯನ್ನು ಉಪ್ಪಿನೊಳಕ್ಕೆ ಒತ್ತಿ, ಕಂಬಗಳತ್ತ ಮುಖ ಮಾಡಿ ನಿಂತ.