ಕೆರೆಕೋಡಿ ಶಾಲೆಗೆ ಸುಣ್ಣ

ಕೆರೆಕೋಡಿ ಶಾಲೆಗೆ ಸುಣ್ಣ ಬಳಿಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೊಬ್ಬರ ಬಾಯಿಂದ ಗೊತ್ತಾಗುವುದು ಬೇಡ.

ನನ್ನ ಹೆಸರು ಕವಿತ. ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಪಾಳಿ, ಐದೂಕಾಲಿಗೆಲ್ಲ ಕಂಪನಿ ಬಸ್ಸು. ನಮ್ಮ ಯಜಮಾನರು ಚಿಂತಾಮಣಿ ಮಾರ್ಕೆಟ್ಟಿಗೆ ಟೊಮ್ಯಾಟೊ ಗಾಡಿ ಓಡಿಸುತ್ತಾರೆ, ಯಾವತ್ತು ಮನೆಗೆ ಬರುತ್ತಾರೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಮಗಳು ತನುಜ ನಾಲ್ಕನೇ ಕ್ಲಾಸು. ತಾನೇ ಎದ್ದು, ನಾನು ಮುಚ್ಚಿಟ್ಟು ಹೋದ ಚಿತ್ರಾನ್ನ ತಿಂದು, ವಕ್ರವಕ್ರವಾಗಿ ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಶಾಲೆ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಅದು ಅಲ್ಲಿದ್ದದ್ದರಿಂದಲೇ ನಾನು ಕೆಲಸಕ್ಕೆ ಹೋಗುವುದಕ್ಕಾಗುತ್ತಿತ್ತು.

ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಅಪ್ಪ ಅಮ್ಮಂದಿರ ಸಮಿತಿಗೆ, ನಾನು ಅಧ್ಯಕ್ಷೆ. ಯಾರೂ ಒಪ್ಪದಿದ್ದಾಗ ನನ್ನ ಹೆಸರು ಬರೆದರು. ನನ್ನ ಬಾಯಿ ಜೋರು ಅಂತ ಬರೆದರಂತೆ, ಇರಲಿ.

ಜನವರಿಯಲ್ಲಿ ನಮ್ಮ ಪಟ್ಟಣ ಪಂಚಾಯಿತಿಯ ಎಂಜಿನಿಯರ್ ಚಿರಂಜೀವಿ ಬಂದು ಶಾಲೆಯ ಮೂರು ಕೋಣೆಗಳನ್ನೂ ನೋಡಿದರು. ಕೋಲಿನಲ್ಲಿ ತಾರಸಿ ತಟ್ಟಿದರೆ ಗಾರೆ ಚಕ್ಕೆಚಕ್ಕೆಯಾಗಿ ಉದುರಿತು. ಎರಡು ಕೋಣೆಗಳಲ್ಲಿ ಕಂಬಿ ತುಕ್ಕು ಹಿಡಿದು ಹೊರಗೆ ಕಾಣುತ್ತಿತ್ತು. ಒಂಬತ್ತು ಲಕ್ಷ ಹಾಕಿ ರಿಪೇರಿ ಮಾಡಬೇಕು, ಇಲ್ಲದಿದ್ದರೆ ಜೂನ್ ಒಳಗೆ ಎರಡಕ್ಕೂ ಬೀಗ ಹಾಕಬೇಕು ಅಂತ ಬರೆದುಕೊಂಡು ಹೋದರು. ಉಳಿಯುವ ಒಂದು ಕೋಣೆಯಲ್ಲಿ ನಲವತ್ತಾರು ಮಕ್ಕಳನ್ನು ಕೂರಿಸುವುದಕ್ಕೆ ಆಗುವುದಿಲ್ಲ. ಬೀಗ ಬಿದ್ದರೆ ಎಲ್ಲರೂ ಬೈಪಾಸ್ ದಾಟಿ ಸಂತೆಬೀದಿ ಶಾಲೆಗೆ ಹೋಗಬೇಕು. ಬೈಪಾಸಿನಲ್ಲಿ ಲಾರಿಗಳು ಹೇಗೆ ಬರುತ್ತವೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂಬತ್ತು ವರ್ಷದ ಹುಡುಗಿಯನ್ನು ಒಬ್ಬಳನ್ನೇ ಅಲ್ಲಿ ದಾಟಿಸಿ ನಾನು ಪಾಳಿಯಲ್ಲಿ ನಿಂತು ಡಬ್ಬ ತುಂಬಲಾರೆ.

ಪಂಚಾಯಿತಿಯಲ್ಲಿ ಶಾಲೆಗಳಿಗೆ ಅಂತ ಹನ್ನೆರಡು ಲಕ್ಷ ಇತ್ತು. ಕೇಳಿದ್ದು ಮೂರು ಶಾಲೆಯವರು. ಯಾರಿಗೆ ಎಷ್ಟು ಅಂತ ಹಣಕಾಸು ಸಮಿತಿ ತೀರ್ಮಾನ ಮಾಡಬೇಕು, ಅದಕ್ಕೆ ಮೊದಲು ಸದಸ್ಯರೆಲ್ಲ ಶುಕ್ರವಾರ ಬಂದು ಕಣ್ಣಾರೆ ನೋಡುತ್ತಾರೆ ಅಂತ ಫೆಬ್ರವರಿಯಲ್ಲಿ ಸುದ್ದಿ ಬಂತು.

ನಾಲ್ಕು ಜನ ದೊಡ್ಡವರು ಬರುತ್ತಾರೆ ಅಂದರೆ ನಮ್ಮ ಕಡೆ ಮನೆ ಹಾಗೇ ಬಿಡುವುದಿಲ್ಲ. ಹೆಣ್ಣು ನೋಡುವುದಕ್ಕೆ ಬಂದರೂ ಅಷ್ಟೆ, ತಿಥಿಗೆ ಬಂದರೂ ಅಷ್ಟೆ, ಗುಡಿಸಿ ಸಾರಿಸಿ ಸುಣ್ಣ ಹೊಡೆಯಲೇಬೇಕು. ನಾನು ಮನೆಮನೆಗೆ ಹೋಗಿ ಐವತ್ತು ಐವತ್ತು ರೂಪಾಯಿ ಎತ್ತಿದೆ. ಗುರುವಾರ ರಜೆ ಹಾಕಿದೆ. ಬಿರುಕುಗಳಿಗೆ ಪುಟ್ಟಿ ತುಂಬುತ್ತಿದ್ದಾಗ ಹೆಡ್‌ಮಿಸ್ ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೆತ್ತಗಿನ ಹೆಂಗಸು, ಜೋರಾಗಿ ಹಾಜರಿ ಕೂಗುವುದಕ್ಕೂ ಸಂಕೋಚ ಪಡುತ್ತಾರೆ.

"ಕವಿತಮ್ಮ, ಅದೊಂದು ಹಂಗೇ ಇರ್ಲಿ ಬಿಡು. ಅವರು ನೋಡಕ್ಕೆ ತಾನೆ ಬರ್ತಿರೋದು?" ಅಂದರು.

"ಮಿಸ್, ಮುಖ ತೊಳೀದೆ ಯಾರಾದ್ರೂ ನಾಲ್ಕು ಜನದ ಮುಂದೆ ನಿಲ್ತಾರಾ? ನಾವೇ ಚೆನ್ನಾಗಿ ಇಟ್ಕೊಂಡಿಲ್ಲ ಅಂದ್ರೆ ಅವ್ರು ಯಾಕೆ ದುಡ್ಡು ಕೊಡ್ತಾರೆ?" ಅಂದೆ.

ಅವರು ಹಾಜರಿ ಪುಸ್ತಕ ಎತ್ತಿಕೊಂಡು ಹೋದರು. ಒಂದು ಮಾತು ಗಟ್ಟಿಯಾಗಿ ಹೇಳಬಾರದಿತ್ತೇ ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ. ಏಣಿ ಹತ್ತಿ ತಾರಸಿಯ ಕಂಬಿಗಳ ಮೇಲೂ ನಾನೇ ಸಿಮೆಂಟು ಮೆತ್ತಿದೆ. ಅದರ ಮೇಲೆ ಎರಡು ಕೈ ಸುಣ್ಣ ಬಿತ್ತು. ಸಂಜೆ ಹೊತ್ತಿಗೆ ಶಾಲೆ ಮದುವೆಮನೆಯ ಹಾಗೆ ಕಾಣುತ್ತಿತ್ತು, ನನಗೆ ಹೆಮ್ಮೆಯೂ ಆಯಿತು.

ಶುಕ್ರವಾರ ಹಣಕಾಸು ಸಮಿತಿಯವರು ಬಂದರು. ಅಧ್ಯಕ್ಷರು ರಮೇಶ್‌ಬಾಬು, ಹಾರ್ಡ್‌ವೇರ್ ಅಂಗಡಿಯವರು, ಕೆಟ್ಟ ಮನುಷ್ಯರೇನಲ್ಲ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಮಕ್ಕಳ ಕೈಯಲ್ಲಿ ಸೇವಂತಿಗೆ. ಅಡುಗೆಯ ಗಂಗುಲಮ್ಮ ಹೋಳಿಗೆ ಮಾಡಿದ್ದಳು. ರಮೇಶ್‌ಬಾಬು ಎರಡು ಹೋಳಿಗೆ ತಿಂದು, ಕೈ ತೊಳೆದು, ಕೋಣೆಗಳ ಒಳಗೆ ಒಂದು ಸುತ್ತು ಹಾಕಿ ಮೇಲೆ ನೋಡಿದರು. ಮೇಲೆ ಬೆಳ್ಳಗಿತ್ತು. "ಪರವಾಗಿಲ್ವೇ" ಅಂದರು. ಎಂಜಿನಿಯರ್ ಚಿರಂಜೀವಿ ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆಗಲೂ ನನಗೆ ಹೊಳೆಯಲಿಲ್ಲ.

ಅಲ್ಲಿಂದ ಅವರು ಸಂತೆಬೀದಿ ಶಾಲೆಗೆ ಹೋದರಂತೆ. ಅಲ್ಲಿ ಯಾರೂ ಏನೂ ಮಾಡಿರಲಿಲ್ಲ. ಶೌಚಾಲಯದ ಬಾಗಿಲು ಕಳಚಿ ಗೋಡೆಗೆ ಒರಗಿಸಿದ್ದರಂತೆ, ಸದಸ್ಯರೆಲ್ಲ ಕರ್ಚೀಫು ಮೂಗಿಗೆ ಹಿಡಿದುಕೊಂಡು ಹೊರಗೆ ಬಂದರಂತೆ.

ಸೋಮವಾರ ಪಂಚಾಯಿತಿ ಕಚೇರಿಯಲ್ಲಿ ಸಭೆ. ಮೂರು ಶಾಲೆಯವರನ್ನೂ ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂರಿಸಿದರು. ಸದಸ್ಯರ ಮುಂದೆ ಫೈಲು, ಫೈಲಿನ ಮೇಲೆ ಮೆಣಸಿನಕಾಯಿ ಬಜ್ಜಿಯ ತಟ್ಟೆ. ಸಂತೆಬೀದಿಯ ಶೌಚಾಲಯಕ್ಕೆ ಏಳು ಲಕ್ಷ ಅಂದರು. ಹೈಸ್ಕೂಲಿನ ಕಾಂಪೌಂಡಿಗೆ ಐದು ಅಂದರು. ಏಳೂ ಐದೂ ಹನ್ನೆರಡು. ನಾನು ಬೆರಳು ಮಡಚಿ ಇನ್ನೊಂದು ಸಲ ಕೂಡಿದೆ.

"ಕೆರೆಕೋಡಿ?" ಅಂತ ಆದಿಲಕ್ಷ್ಮಮ್ಮ ಮಿಸ್ ಕೇಳಿದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ರಮೇಶ್‌ಬಾಬು ನಕ್ಕರು. "ಕೆರೆಕೋಡಿ ಶಾಲೆ ನೋಡಿ ನಮಗೇ ಖುಷಿ ಆಯ್ತು ಮೇಡಂ. ಸರ್ಕಾರದ ಕೈ ಕಾಯದೆ ಊರವರೇ ಮಾಡ್ಕೊಂಡವ್ರೆ. ಹಿಂಗೆ ಎಲ್ಲಾ ಕಡೆ ಆದ್ರೆ ನಮಗೆ ಕೆಲ್ಸಾನೇ ಇರಲ್ಲ." ಸದಸ್ಯರು ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ಕೈ ಮುಗಿಯುವುದಕ್ಕೆ ಎದ್ದೆ ಅಂತ ಅವರು ಅಂದುಕೊಂಡಿರಬೇಕು.

"ಸರ್, ಅದು ಮೇಲೆ ಮೇಲೆ ಬಳಿದಿರೋದು. ಒಳಗೆಲ್ಲ ಹಂಗೇ ಐತೆ. ನಾನೇ ಕೈಯಾರೆ ಪುಟ್ಟಿ ತುಂಬ್ದೆ. ಬೆರಳಲ್ಲಿ ಒತ್ತಿದ್ರೆ ಬಿದ್ದೋಗತ್ತೆ."

"ಹಂಗಾದ್ರೆ ಶುಕ್ರವಾರ ನಮಗೆ ಸುಳ್ಳು ತೋರಿಸಿದ್ರೇನಮ್ಮ?" ಅಂದರು ರಮೇಶ್‌ಬಾಬು. ಕೋಪದಿಂದ ಕೇಳಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದರು.

ಕಾರ್ಖಾನೆಯಲ್ಲಿ ಸೂಪರ್‌ವೈಸರನ್ನೇ ನಿಲ್ಲಿಸಿ ಕೇಳುವವಳು ನಾನು. ಅಲ್ಲಿ ಮಾತ್ರ ಲೆಕ್ಕ ಹಾಕುತ್ತಾ ನಿಂತೆ. ಸುಳ್ಳು ತೋರಿಸಿದೆವು ಅಂದರೆ ಮರ್ಯಾದೆ ಹೋಗುತ್ತದೆ, ಇಲ್ಲ ಅಂದರೆ ಕೋಣೆ ಹೋಗುತ್ತದೆ. ನಾನು ಎರಡನ್ನೂ ಹೇಳದೆ ಮತ್ತೆ ಕುರ್ಚಿಯಲ್ಲಿ ಕೂತೆ.

ಚಿರಂಜೀವಿ ತಮ್ಮ ಹಾಳೆ ತೆಗೆದರು. "ಸರ್, ನನ್ನ ರಿಪೋರ್ಟಲ್ಲಿ ಫೋಟೋ ಸಮೇತ ಇದೆ. ಕಂಬಿ ಹೋಗಿದೆ."

"ಅದು ಜನವರಿ ಫೋಟೋ ಕಣ್ರಿ. ಮೊನ್ನೆ ನಾವೆಲ್ಲ ಕಣ್ಣಾರೆ ನೋಡಿದ್ವಲ್ಲ."

"ಸರಿ ಸರ್. ಆದ್ರೆ ರಿಪೇರಿ ಆಗದೆ ಸುರಕ್ಷತೆ ಸರ್ಟಿಫಿಕೇಟಿಗೆ ನಾನು ಸೈನ್ ಹಾಕಲ್ಲ. ಬೀಗ ಹಾಕಲೇಬೇಕು."

"ಹಾಕಿ. ಬೇಡ ಅಂದೋರು ಯಾರು? ಅದು ಶಿಕ್ಷಣ ಇಲಾಖೆಗೆ ಬಿಟ್ಟಿದ್ದು." ರಮೇಶ್‌ಬಾಬು ಮುಂದಿನ ಫೈಲು ಎಳೆದುಕೊಂಡರು. ಅದು ಬೀದಿದೀಪದ್ದು.

ದುಡ್ಡು ಕೊಡದಿರುವುದಕ್ಕೆ ಶಾಲೆ ಚೆನ್ನಾಗಿದೆ, ಬೀಗ ಹಾಕುವುದಕ್ಕೆ ಶಾಲೆ ಕೆಟ್ಟಿದೆ. ಒಂದೇ ಮೇಜಿನ ಮೇಲೆ, ಒಂದೇ ಅರ್ಧ ಗಂಟೆಯಲ್ಲಿ ಎರಡೂ ಆಗಿಹೋಯಿತು. ನನಗೂ ಒಂದು ಬಜ್ಜಿ ಕೊಟ್ಟರು. ತಿಂದೆ. ಖಾರ ಇತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಆ ವಾರ ಬೀದಿಯಲ್ಲಿ ಎಲ್ಲರೂ ಬೈಯುತ್ತಾರೆ ಅಂತ ಕಾದೆ. ಐವತ್ತು ರೂಪಾಯಿ ಕೊಟ್ಟವರು ಕೇಳಬೇಕಲ್ಲ. ಯಾರೂ ಕೇಳಲಿಲ್ಲ. ಗಂಗುಲಮ್ಮನ ಅಡುಗೆ ಕೆಲಸವೂ ಶಾಲೆಯ ಜೊತೆಗೇ ಹೋಗುವುದಿತ್ತು. ಅವಳಾದರೂ ಬಾಯಿಗೆ ಬಂದ ಹಾಗೆ ಅನ್ನುತ್ತಾಳೆ ಅಂತ ನಾನೇ ಅವಳ ಮನೆಗೆ ಹೋದೆ.

"ಏಮಮ್ಮಾ, ನಿಂದೇನೈತೆ ಅದ್ರಾಗೆ? ನಾನೂ ಹೋಳಿಗೆ ಮಾಡ್ಲಿಲ್ವಾ? ಕೂತ್ಕೋ, ಕಾಫಿ ಕುಡಿ" ಅಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಫಿ ಕುಡಿದು ಬಂದೆ.

ಏಪ್ರಿಲಿನಲ್ಲಿ ಇಲಾಖೆಯವರು ಬಂದು ಎರಡು ಕೋಣೆಗಳಿಗೂ ಬೀಗ ಹಾಕಿದರು. ಮಕ್ಕಳನ್ನು ಸಂತೆಬೀದಿಗೆ ಸೇರಿಸುವುದಕ್ಕೆ ಎಸ್‌ಡಿಎಂಸಿ ಒಪ್ಪಿದೆ ಅಂತ ಒಂದು ಕಾಗದ ಬೇಕಿತ್ತು. ಅಧ್ಯಕ್ಷೆ ಅನ್ನುವ ಕಡೆ ನಾನು ಸಹಿ ಹಾಕಿದೆ. ಹಾಕದಿದ್ದರೆ ಏನಾಗುತ್ತದೆ ಅಂತ ಕೇಳಿದ್ದಕ್ಕೆ, "ಏನೂ ಆಗಲ್ಲಮ್ಮ, ಕಾಗದ ಒಂದು ಕಮ್ಮಿ ಆಗತ್ತೆ ಅಷ್ಟೆ" ಅಂದರು.

ನಲವತ್ತಾರು ಮಕ್ಕಳಲ್ಲಿ ಹೆಚ್ಚಿನವರನ್ನು ಅಪ್ಪ ಅಮ್ಮ ಹೇಗೋ ಮಾಡಿ ವ್ಯಾನು ಬರುವ ಕಾನ್ವೆಂಟುಗಳಿಗೆ ಹಾಕಿದರು. ಆಗದವರ ಮಕ್ಕಳು ಆರು ಉಳಿದವು, ತನುಜ ಸೇರಿ. ಆ ಮನೆಗಳ ತಾಯಂದಿರೂ ಬೆಳಿಗ್ಗೆ ಕೆಲಸಕ್ಕೆ ಹೋಗುವವರೇ. ಯಾರು ದಾಟಿಸುತ್ತಾರೆ ಅಂತ ಅವರು ನನ್ನ ಮುಖ ನೋಡಿದರು. ನಾನು ಕಂಪನಿಯಲ್ಲಿ ಒಂಬತ್ತೂವರೆ ಆದ ಮೇಲಿನ ಪಾಳಿ ಕೇಳಿದೆ. ಮಧ್ಯಾಹ್ನದ ಪಾಳಿ ಇದೆ, ರಾತ್ರಿ ಹತ್ತಕ್ಕೆ ಬಿಡುತ್ತೇವೆ ಅಂದರು. ಯಜಮಾನರು ಊರಲ್ಲಿಲ್ಲದ ದಿನ ರಾತ್ರಿ ಹತ್ತರವರೆಗೆ ಮಗಳು ಮನೆಯಲ್ಲಿ ಒಬ್ಬಳೇ. ಅದು ಆಗುವ ಮಾತಲ್ಲ. ಯಜಮಾನರಿಗೆ ಫೋನ್ ಮಾಡಿ ಹೇಳಿದರೆ, "ಬಿಟ್ಬಿಡು, ಹೆಂಗೋ ಆಗತ್ತೆ" ಅಂದರು. ಅವರಿಗೆ ಅಷ್ಟು ಸುಲಭ. ನಾಲ್ಕು ವರ್ಷ ತಿಂಗಳಿಗೊಂದು ಸಲ ನನ್ನ ಹೆಸರಿಗೆ ಸಂಬಳ ಬಂದಾಗ ಫೋನು ಸದ್ದು ಮಾಡುತ್ತಿತ್ತಲ್ಲ, ಆ ಸದ್ದು ನನಗೆ ಏನಾಗಿತ್ತು ಅಂತ ನಾನೂ ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಮೇ ಮೂವತ್ತೊಂದಕ್ಕೆ ಕೆಲಸ ಬಿಟ್ಟೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೈ ಕಾಲು ಬೇರೆ ಯಾರದೋ ಅನ್ನುವ ಹಾಗೆ ಮನೆಗೆಲಸ ಮಾಡುತ್ತಿದ್ದೆ.

ಜೂನ್ ಮೊದಲ ದಿನ ಆರೂ ಮಕ್ಕಳನ್ನು ಸಾಲಾಗಿ ಕೈ ಹಿಡಿಸಿ ಕರೆದುಕೊಂಡು ಹೊರಟೆ. ತನುಜಳ ಜಡೆಯನ್ನು ನಾನೇ ಹಾಕಿದ್ದೆ. ದಾರಿಯುದ್ದಕ್ಕೂ ಅವಳು ಕುಣಿಯುತ್ತಲೇ ಬಂದಳು. ಬೈಪಾಸಿನ ಅಂಚಿಗೆ ಬಂದಾಗ ನನ್ನ ಕೈ ಜಗ್ಗಿದಳು.

"ಅಮ್ಮ, ನಾಳೇನೂ ಬರ್ತೀಯಾ?"

"ಬರ್ತೀನಿ."

"ನಾಡಿದ್ದು?"

"ದಿನಾ ಬರ್ತೀನಿ ಕಣಮ್ಮ."

ಅವಳು ಹಿಂದೆ ತಿರುಗಿ ಮಿಕ್ಕ ಐವರಿಗೂ ಕೇಳುವ ಹಾಗೆ ಹೇಳಿದಳು: "ನಾನ್ ಹೇಳ್ಲಿಲ್ವಾ? ದೇವ್ರತ್ರ ನಾನು ಇದೇ ಕೇಳ್ಕೊಂಡಿದ್ದು."

ಆ ನಾಲ್ಕು ತಿಂಗಳಲ್ಲಿ ಮೊದಲ ಸಲ ನನಗೆ ಸಿಟ್ಟು ಬಂತು. ರಮೇಶ್‌ಬಾಬು ಮೇಲೆ ಅಲ್ಲ, ಚಿರಂಜೀವಿ ಮೇಲೂ ಅಲ್ಲ. ಅವಳು ನನ್ನ ಮುಖ ನೋಡುತ್ತಿದ್ದಳು, ಅದಕ್ಕೆ ನಕ್ಕೆ. ಎರಡು ಲಾರಿ ಹೋದವು, ಅವುಗಳ ಹಿಂದೆ ಕುಡುಮಲಕುಂಟೆ ಕಡೆಗೆ ಒಂದು ಬಸ್ಸು ಹೋಯಿತು. ರಸ್ತೆ ಖಾಲಿಯಾದ ಮೇಲೆ ಮಕ್ಕಳನ್ನು ದಾಟಿಸಿದೆ.