ಅರ್ಧ ಗಂಟೆ ಬಿಸಿಲು

ಕ್ಲಿಪ್ಪು ಒಂದು ಕಡಿಮೆ ಬಿತ್ತು. ಎಂಟನೆಯ ಪ್ಯಾಡನ್ನು ಅವಳು ಕೈಯಲ್ಲೇ ಹಿಡಿದು ನಿಂತಳು. ಮುಟ್ಟಿನ ದಿನಗಳಿಗೆಂದು ಬಟ್ಟೆಯಲ್ಲಿ ಹೊಲಿದವು, ಒಗೆದು ಮತ್ತೆ ಬಳಸುವಂಥವು. ಈಗಷ್ಟೇ ಪ್ಯಾಕೆಟ್ಟಿನಿಂದ ಬಂದು, ನೀರನ್ನೇ ಕಾಣದೆ, ಅಂಗಳದಲ್ಲಿ ಒಣಗುವ ನಾಟಕ ಆಡುತ್ತಿದ್ದವು.

ಸಂಜೆಯೊಳಗೆ ಆಫೀಸಿಗೆ ಫೋಟೊ ಬೇಕಿತ್ತು. ಬಡವರ ಓಣಿಗಳಿಗೆ ಇವನ್ನು ಹಂಚುವ ಯೋಜನೆಯ ಅಧಿಕಾರಿ ಅವಳು. ‘ನೇರ ಬಿಸಿಲಿನಲ್ಲಿ ಒಣಗಿಸಿ’ ಎಂದು ಚೀಟಿ ಬರೆದವಳೂ ಅವಳೇ. ಆರು ತಿಂಗಳಾದರೂ ಈ ಓಣಿಯಲ್ಲಿ ಒಂದು ಪ್ಯಾಡೂ ಬಿಸಿಲು ಕಂಡಿರಲಿಲ್ಲ. ಎಲ್ಲರವೂ ಮಂಚದ ಕೆಳಗೆ, ಟ್ರಂಕಿನ ಹಿಂದೆ. ಹಗ್ಗವನ್ನೂ ಅವಳೇ ತರಬೇಕಾಯಿತು.

“ಬೇಗ ಮುಗಿಸಿ ಮೇಡಂ. ಇವಳಪ್ಪ ಊಟಕ್ಕೆ ಬರೋ ಹೊತ್ತು,” ಎಂದಳು ಆ ಮನೆಯ ಟೈಲರಕ್ಕ, ಬಾಗಿಲತ್ತ ಕೈತೋರಿ. ಪ್ಯಾಡುಗಳನ್ನು ಹೊಲಿದುಕೊಡುವುದು ಈಕೆಯೇ. ಹೊಲಿಗೆಯಲ್ಲಿ ಎತ್ತಿದ ಕೈ.

ಬಾಗಿಲ ಮರೆಯಲ್ಲಿ ಮಗಳು ನಿಂತಿದ್ದಳು. ಒಣಗದ ಪ್ಯಾಡು ಕಟ್ಟಿಕೊಂಡು ಹುಣ್ಣಾಗಿ, ಜ್ವರ ಬಂದು, ಸ್ಕೂಲು ಬಿಟ್ಟು ಹನ್ನೊಂದು ದಿನ. ಇನ್ನೊಮ್ಮೆ ಹೀಗಾದರೆ ಗರ್ಭಕೋಶಕ್ಕೇ ಕುತ್ತು ಎಂದು ಡಾಕ್ಟರು ಬೈದು ಕಳಿಸಿದ್ದರು.

“ನಿಮ್ಮನೇಲಿ ಎಲ್ಲಿ ಒಣಗಿಸ್ತೀರಾ ಮೇಡಂ?” ಹುಡುಗಿ ಕೇಳಿದಳು.

“ಬಿಸಿಲಲ್ಲೇ.”

ಸುಳ್ಳು ಸಲೀಸಾಗಿ ಬಂತು. ಅವಳಿಗೂ ಇವತ್ತು ಎರಡನೇ ದಿನ. ಬಳಸಿ ಬಿಸಾಡುವ ಪ್ಯಾಡು ಬ್ಯಾಗಿನ ತಳದಲ್ಲಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಫೋನೆತ್ತಿ ಕ್ಲಿಕ್ಕಿಸಿದಳು.

“ಮೇಡಂ…” ಹುಡುಗಿಯ ಕೈಯಲ್ಲಿ ಒದ್ದೆ ಪ್ಯಾಡುಗಳ ಮುದ್ದೆ. “ಹಗ್ಗ ಹೇಗೂ ಕಟ್ಟಿದೀರಲ್ಲ. ನನ್ನವೂ ಅರ್ಧ ಗಂಟೆ ಹಾಕ್ಲಾ? ನೀವಿದ್ರೆ ಅಪ್ಪ ಏನೂ ಅನ್ನಲ್ಲ.”

ತಾಯಿ ಗದರಲಿಲ್ಲ. ಅವಳೂ ಮೇಡಂ ಮುಖವನ್ನೇ ನೋಡಿದಳು.

ಅರ್ಧ ಗಂಟೆ. ಇರಬಹುದಿತ್ತು. ಆ ಮನುಷ್ಯ ಬಂದು ಕೂಗಾಡಿದರೆ ಏನು ಹೇಳುವುದು? ಚೀಟಿಯಲ್ಲಿ ಅದನ್ನು ಬರೆದಿರಲಿಲ್ಲ.

“ಇನ್ನೂ ಎರಡು ಓಣಿ ಇದೆ ಪುಟ್ಟಾ. ಮುಂದಿನ ಸಲ ನೋಡೋಣ.”

ಹೊಸ ಪ್ಯಾಡುಗಳನ್ನು ಬಿಚ್ಚಿ ಪ್ಯಾಕೆಟ್ಟಿಗೆ ತುಂಬಿದಳು. ಮುಂದಿನ ಓಣಿಯ ಫೋಟೊಗೂ ಅವೇ ಬೇಕು. “ಹಗ್ಗ, ಕ್ಲಿಪ್ಪು ನಿಮಗೇ ಇರಲಿ,” ಎಂದಳು, ದೊಡ್ಡ ಮನಸ್ಸು ಮಾಡಿ.

ಓಣಿಯ ತುದಿಯಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಫೋಟೊ ಹೋಗಲು ಸರಿಯಾಗಿ ಅರ್ಧ ಗಂಟೆ ಹಿಡಿಯಿತು. ‘ತುಂಬಾ ಚೆನ್ನಾಗಿದೆ’ ಎಂದು ಆಫೀಸಿನಿಂದ ಉತ್ತರ ಬಂತು.

ಹಿಂತಿರುಗಿ ನೋಡಿದಳು. ಅಪ್ಪ ಬಂದಿದ್ದ. ತನ್ನ ಒಗೆದ ಚಡ್ಡಿಯನ್ನು ಎರಡು ಸಲ ಕೊಡವಿ, ಹಗ್ಗದ ನಟ್ಟನಡುವೆ, ಬಿಸಿಲು ಚೆನ್ನಾಗಿ ಬೀಳುವಲ್ಲಿ ಹರವಿ, ಕ್ಲಿಪ್ಪು ಹಾಕುತ್ತಿದ್ದ. ಅವನ ಹಿಂದೆ ತೆರೆದ ಬಾಗಿಲು. ಒಳಗೆ, ಒದ್ದೆ ಪ್ಯಾಡು ಹರವಲು ಮಂಚದ ಕೆಳಗೆ ತೂರಿದ ಹುಡುಗಿಯ ಎರಡು ಪಾದಗಳಷ್ಟೇ ಕಾಣುತ್ತಿದ್ದವು.